ಮಸೀದಿ ದೀಪ, ಬಿಳಿ ಎಳೆಯ ಶೀಸೆ, ಒಂದು ಡಬ್ಬಿ ಗಾಜಿನ ಚೂರು: ಕಾಲ ಗೊತ್ತುಮಾಡುವುದು ಹೇಗೆ, ಇಡುವುದು ಹೇಗೆ?

ಮರಳೂರು ದಿಣ್ಣೆ (ತುಮಕೂರು):

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಕಾಲೇಜಿನ ಸಣ್ಣ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಬಂದ ಗಾಜಿನ ವಸ್ತುಗಳ ಬಗ್ಗೆ ತಿಳಿದವರ ಸಲಹೆ ಬೇಕು. ಕೊಟ್ಟ ಮನೆಯ ಹಿರಿಯರು 1950ರ ದಶಕದಲ್ಲಿ ಕೈರೋದಲ್ಲಿ ಉದ್ಯೋಗದಲ್ಲಿದ್ದರು, ಅಲ್ಲಿಂದ ತಂದವು ಎಂದು ದಾನಪತ್ರದಲ್ಲಿದೆ.

ಮೊದಲನೆಯದು ಮಸೀದಿ ದೀಪ. ಎತ್ತರ 31.5 ಸೆಂ.ಮೀ. ಅಗಲಕ್ಕೆ ತೆರೆದ ಕುತ್ತಿಗೆ, ದುಂಡು ಹೊಟ್ಟೆ, ನೇತುಹಾಕಲು ಆರು ಕಿವಿ. ನೀಲಿ ಎನಾಮೆಲ್ ನೆಲದ ಮೇಲೆ ಚಿನ್ನದ ಬಣ್ಣದ ದಪ್ಪ ಅರಬ್ಬಿ ಅಕ್ಷರ, ಕೆಂಪು ಗೆರೆ, ನಡುವೆ ಪಾನಪಾತ್ರೆ ಬರೆದ ವೃತ್ತಗಳು. ಎರಡನೆಯದು 14 ಸೆಂ.ಮೀ. ಎತ್ತರದ ಶೀಸೆ. ನೋಡಲು ಕಪ್ಪು, ಹಿಂದಿನಿಂದ ಟಾರ್ಚ್ ಹಿಡಿದರೆ ನೇರಳೆ. ಮೈಮೇಲೆ ಗರಿಯಂಥ ಬಿಳಿ ಎಳೆಗಳು. ಮೇಲ್ಮೈ ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುತ್ತದೆ, ಮುಟ್ಟಿದರೆ ಹಕ್ಕಳೆ ಉದುರುತ್ತದೆ. ಕುತ್ತಿಗೆ ಹಿಂದೆಂದೋ ಮುರಿದು, ಅಂಟಿಸಿದ ಗೋಂದು ಹಳದಿಯಾಗಿದೆ. ಮೂರನೆಯದು ಒಂದು ಡಬ್ಬಿ ತುಂಬ ಚೂರುಗಳು. ಕೆಲವು ಪೊಟ್ಟಣಗಳ ಮೇಲೆ ಪೆನ್ಸಿಲ್‌ನಲ್ಲಿ "ಫುಸ್ತಾತ್" (ಈಗಿನ ಕೈರೋದ ಭಾಗವಾಗಿರುವ ಹಳೆಯ ನಗರ) ಎಂದಿದೆ. ಅವುಗಳ ಜೊತೆ ಮುದ್ರೆಯೊತ್ತಿದ ಹಸಿರು ಗಾಜಿನ ಬಿಲ್ಲೆಗಳು, ಬಳೆ ಚೂರುಗಳು ಇವೆ. ಬಳೆ ಚೂರುಗಳಲ್ಲಿ ಕೆಲವು ಶಿರಾ ಕೋಟೆಯ ಕಡೆ ಆಯ್ದವು ಎಂದು ಮನೆಯವರು ಹೇಳುತ್ತಾರೆ. ಎಲ್ಲವೂ ಬೆರೆತುಹೋಗಿವೆ.

ಸಂಗ್ರಹ ಇರುವುದು ಮೊದಲ ಮಹಡಿಯ ಶೀಟ್ ಛಾವಣಿಯ ಕೋಣೆಯಲ್ಲಿ. ಪ್ಲೈವುಡ್ ಷೋಕೇಸ್, ಬೋರ್‌ವೆಲ್ ನೀರು, ಸಣ್ಣ ಬಜೆಟ್. ಇವು ನಿಜಕ್ಕೂ ಮಧ್ಯಯುಗದವೇ ಎಂದು ನೋಡುವುದು ಹೇಗೆ? ಶೀಸೆಯನ್ನು ತೊಳೆಯಬಹುದೇ? ಗೋಂದು ತೆಗೆದು ಹೊಸದಾಗಿ ಅಂಟಿಸಬಹುದೇ? ಫಲಕದಲ್ಲಿ ಏನು ಬರೆಯಬೇಕು?

ಅಂತರಗಂಗೆ (ಕೋಲಾರ):

ಶೀಸೆಯನ್ನು ಯಾರೂ ನೀರಿಗೆ ಹಾಕದಂತೆ ಇವತ್ತೇ ಹೇಳಿಬಿಡಿ. ಆ ವಿಷಯವನ್ನು ನಂದಿತಪ್ಪಲು ಅವರು ವಿವರವಾಗಿ ಬರೆಯಲಿ, ಅದು ಅವರ ಕ್ಷೇತ್ರ. ನಾನು ದೀಪದ ಬಗ್ಗೆ ಹೇಳುತ್ತೇನೆ.

ಮಸೀದಿ ದೀಪ ಎಂದ ಕೂಡಲೇ ಎಲ್ಲರ ಕಣ್ಣು ಅಕ್ಷರಕ್ಕೆ ಹೋಗುತ್ತದೆ. ಅಕ್ಷರ ಕೊನೆಗೆ ನೋಡಿ. ಮೊದಲು ದೀಪದ ಪಾದದ ಅಡಿ ನೋಡಿ. ಮೇಜಿನ ಮೇಲೆ ದಪ್ಪ ಫೋಮ್ ಹಾಸಿ, ಒಂದು ಕೈ ಪಾದದ ಕೆಳಗೆ, ಇನ್ನೊಂದು ಹೊಟ್ಟೆಯ ಬದಿಗೆ ಕೊಟ್ಟು ಮಲಗಿಸಿ. ಕಿವಿ ಹಿಡಿದಾಗಲಿ ಬಾಯಿಯ ಅಂಚು ಹಿಡಿದಾಗಲಿ ಎತ್ತಬೇಡಿ. ಕಿವಿಗಳು ಬಿಸಿ ಗಾಜಿನ ಹನಿ ಇಟ್ಟು ಎಳೆದು ಮಾಡಿದಂಥವು, ಅವುಗಳ ಬುಡದಲ್ಲಿ ಒತ್ತಡ ಉಳಿದಿರುತ್ತದೆ.

ಊದಿದ ಗಾಜನ್ನು ಊದುಗೊಳವೆಯಿಂದ ಬಿಡಿಸುವ ಮೊದಲು ತಳಕ್ಕೆ ಒಂದು ಕಬ್ಬಿಣದ ಸಲಾಕೆ ಅಂಟಿಸಿಕೊಳ್ಳುತ್ತಾರೆ, ಬಾಯಿ ಅಗಲಿಸುವ ಕೆಲಸ ಆ ಸಲಾಕೆಯ ಮೇಲೆ ನಡೆಯುತ್ತದೆ. ಕೆಲಸ ಮುಗಿದು ತಟ್ಟಿ ಬಿಡಿಸಿದಾಗ ಒರಟು ಗಾಯ ಉಳಿಯುತ್ತದೆ, ಅದಕ್ಕೆ ಪಾಂಟಿಲ್ ಗುರುತು ಎನ್ನುತ್ತಾರೆ. 13-14ನೇ ಶತಮಾನದ ಸಿರಿಯಾ, ಈಜಿಪ್ಟ್ ಕೆಲಸದಲ್ಲಿ ಈ ಗಾಯ ಒರಟಾಗಿಯೇ ಇರುತ್ತದೆ. ಅದನ್ನು ಚಕ್ರಕ್ಕೆ ಹಿಡಿದು ನುಣ್ಣಗೆ ಬಟ್ಟಲಿನಂತೆ ತಗ್ಗು ಮಾಡಿದ್ದರೆ 19ನೇ ಶತಮಾನದ ಯೂರೋಪಿನ ಕಾರ್ಖಾನೆಯ ಕಡೆ ತಿರುಗಿ.

ಆಮೇಲೆ ಮೈ ಗಾಜು. ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಆ ಕಾಲದಲ್ಲಿ ಈಜಿಪ್ಟ್, ಸಿರಿಯಾ ಆಳಿದ ಮಾಮ್ಲೂಕ್ ಸುಲ್ತಾನರ ಕಾಲದ ಗಾಜು ಎಷ್ಟೇ ಒಳ್ಳೆಯದಿದ್ದರೂ ಪೂರ್ತಿ ತಿಳಿಯಲ್ಲ: ಸ್ವಲ್ಪ ಜೇನು ಬಣ್ಣ, ಸ್ವಲ್ಪ ಹಸಿರು ಅಥವಾ ಬೂದು ಛಾಯೆ, ಮೈತುಂಬ ಸಣ್ಣ ಗುಳ್ಳೆ, ಊದಿದ ದಿಕ್ಕಿಗೆ ಎಳೆದ ಗೆರೆ, ಅಲ್ಲಲ್ಲಿ ಕರಗದ ಕಪ್ಪು ಕಣ. ಗೋಡೆಯ ದಪ್ಪ ಒಂದೇ ಸಮ ಇರುವುದಿಲ್ಲ. ನಿಮ್ಮದು ನೀರಿನಂತೆ ತಿಳಿಯಾಗಿ, ಗುಳ್ಳೆಯೇ ಇಲ್ಲದೆ, ಕೈಗೆ ತೂಕ ಬಂದರೆ ಅನುಮಾನಪಡಿ.

ಎನಾಮೆಲ್ ನೋಡಲು 10 ಪಟ್ಟು ಭೂತಗನ್ನಡಿ ಸಾಕು. ಗಾಜಿನ ಪುಡಿಗೆ ಬಣ್ಣದ ಖನಿಜ ಸೇರಿಸಿ, ಅಂಟಿನಲ್ಲಿ ಕಲಸಿ ಬರೆದು, ಮತ್ತೆ ಕುಲುಮೆಯ ಶಾಖ ಕೊಟ್ಟು ಕೂರಿಸಿದ್ದು ಅದು. ಮೈ ಗಾಜು ಮೆತ್ತಗಾಗಿ ಸೊಟ್ಟಗಾಗುವುದಕ್ಕೂ ಎನಾಮೆಲ್ ಕರಗುವುದಕ್ಕೂ ನಡುವಿನ ಅಂತರ ತೀರಾ ಸಣ್ಣದು. ಹಾಗಾಗಿ ಹಳೆಯ ದೀಪಗಳಲ್ಲಿ ಹೊಟ್ಟೆ ಸ್ವಲ್ಪ ವಾಲಿರುವುದು, ಬಾಯಿ ಪೂರ್ತಿ ದುಂಡಗಿಲ್ಲದಿರುವುದು ಸಾಮಾನ್ಯ. ನೀಲಿ ದಪ್ಪಗೆ ಉಬ್ಬಿ ನಿಂತಿರುತ್ತದೆ, ಅದರಲ್ಲಿ ಒಡೆದ ಗುಳ್ಳೆಗಳ ಗುಂಡಿ ಕಾಣುತ್ತದೆ. ಕೆಂಪು ಗೆರೆ ತೆಳ್ಳಗೆ, ಕೈ ಓಡಿದ ಹಾಗೆ ದಪ್ಪ-ಸಣ್ಣ ಆಗುತ್ತಿರುತ್ತದೆ. ಚಿನ್ನ ಬಹುಪಾಲು ಸವೆದು ಕಂದು ನೆರಳಿನಂತೆ ಉಳಿದಿರುತ್ತದೆ, ಎತ್ತಿ ಹಿಡಿಯುವ ಜಾಗಗಳಲ್ಲಿ ಹೆಚ್ಚು. ಚಿನ್ನ ಎಲ್ಲೆಡೆ ಒಂದೇ ಹದದಲ್ಲಿ ಹೊಳೆಯುತ್ತಿದ್ದರೆ ಅದಕ್ಕೊಂದು ವಿವರಣೆ ಬೇಕಾಗುತ್ತದೆ.

ಈಗ ಅಕ್ಷರ. ಕುತ್ತಿಗೆಯ ಮೇಲೆ ಸಾಮಾನ್ಯವಾಗಿ ಕುರ್‌ಆನಿನ 24ನೇ ಅಧ್ಯಾಯದ 35ನೇ ವಚನದ ಭಾಗ, ದೇವರನ್ನು ಬೆಳಕು ಎಂದು, ಗೂಡಿನಲ್ಲಿಟ್ಟ ದೀಪ ಎಂದು ಹೇಳುವ ವಚನ ಇರುತ್ತದೆ. ಹೊಟ್ಟೆಯ ಮೇಲೆ ದೀಪ ಮಾಡಿಸಿದ ಸುಲ್ತಾನ ಅಥವಾ ಅಮೀರನ ಹೆಸರು, ಬಿರುದು. ಪಾನಪಾತ್ರೆ ಸಾಕಿಯ, ಎಂದರೆ ಸುಲ್ತಾನನಿಗೆ ಪಾನೀಯ ಕೊಡುವ ಅಧಿಕಾರಿಯ ಲಾಂಛನ. ಆ ಹುದ್ದೆಯಲ್ಲಿದ್ದ ಅಮೀರರು ಮುಂದೆ ದೊಡ್ಡ ಪದವಿಗೆ ಹೋದರೂ ಲಾಂಛನ ಇಟ್ಟುಕೊಳ್ಳುತ್ತಿದ್ದರು. ತುಮಕೂರಿನಲ್ಲಿ ಅರಬ್ಬಿ ಓದುವವರು ಸಿಗುತ್ತಾರೆ, ವಚನ ಗುರುತಿಸಲು ಅವರು ಸಾಕು. ಬಿರುದುಗಳ ಸಾಲು ಓದಲು ಮಾಮ್ಲೂಕ್ ಶಾಸನ ಗೊತ್ತಿರುವವರೇ ಬೇಕು. ಆದರೆ ಇಲ್ಲೊಂದು ಎಚ್ಚರ. ಅಕ್ಷರ ಸರಿಯಾಗಿದೆ ಎಂಬುದರಿಂದ ದೀಪ ಹಳೆಯದು ಎಂದಾಗುವುದಿಲ್ಲ. ಪ್ಯಾರಿಸ್ಸಿನ ಫಿಲಿಪ್ ಜೋಸೆಫ್ ಬ್ರೊಕಾರ್ 1860ರ ದಶಕದಿಂದ ಹಳೆಯ ದೀಪಗಳನ್ನು ಎದುರಿಗಿಟ್ಟುಕೊಂಡೇ ಮಾಡಿದವನು, 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟವನು. ವಿಯೆನ್ನಾದ ಲೋಬ್‌ಮೈರ್ ಸಂಸ್ಥೆಯೂ ಈ ಶೈಲಿಯಲ್ಲಿ ಕೆಲಸ ಮಾಡಿತು. ಬ್ರೊಕಾರ್ ಎಷ್ಟೋ ತುಣುಕುಗಳಿಗೆ ಎನಾಮೆಲಿನಲ್ಲೇ ಸಹಿ ಹಾಕಿದ್ದಾನೆ, ಪಾದದ ಸುತ್ತ ಹುಡುಕಿ.

ಪಾದದ ಅಡಿಯ ಫೋಟೋ, ಓರೆ ಬೆಳಕಿನಲ್ಲಿ ಎನಾಮೆಲಿನ ಹತ್ತಿರದ ಫೋಟೋ, ಹಿಂದಿನಿಂದ ಬೆಳಕು ಬಿಟ್ಟು ಮೈ ಗಾಜಿನ ಫೋಟೋ, ಈ ಮೂರು ಹಾಕಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಶೀಸೆ ತೊಳೆಯಬೇಡಿ. ಕಾರಣವನ್ನೂ ಹೇಳುತ್ತೇನೆ, ಏಕೆಂದರೆ ನಾಳೆ ಬೇರೆ ಯಾರಾದರೂ ಉತ್ಸಾಹದಿಂದ ಬಕೆಟ್ ತರುತ್ತಾರೆ.

ಮಣ್ಣಿನಲ್ಲಿ ನೂರಾರು ವರ್ಷ ಇದ್ದ ಗಾಜಿನಿಂದ ನೀರು ಸೋಡಿಯಂ, ಪೊಟ್ಯಾಸಿಯಂಗಳನ್ನು ಹೊರಗೆ ಎಳೆದಿರುತ್ತದೆ. ಉಳಿದದ್ದು ಸಿಲಿಕಾ ಹೆಚ್ಚಿರುವ ತೆಳು ಪದರಗಳು, ಈರುಳ್ಳಿ ಸಿಪ್ಪೆಯಂತೆ ಒಂದರ ಮೇಲೊಂದು. ಪದರಗಳ ನಡುವೆ ಬೆಳಕು ಮತ್ತೆ ಮತ್ತೆ ಪ್ರತಿಫಲಿಸುವುದರಿಂದ ಕಾಮನಬಿಲ್ಲಿನ ಬಣ್ಣ. ಅದು ಮೇಲೆ ಕೂತ ಕೊಳೆಯಲ್ಲ. ಅದೇ ಶೀಸೆಯ ಮೂಲ ಮೇಲ್ಮೈ, ಕುಶಲಕರ್ಮಿ ಬಿಟ್ಟ ಗುರುತುಗಳು ಇರುವುದೂ ಅದರಲ್ಲೇ. ಉಜ್ಜಿ ತೆಗೆದರೆ ಕೆಳಗೆ ಗುಂಡಿ ಗುಂಡಿಯಾದ ಮಂಕು ಗಾಜು ಸಿಗುತ್ತದೆ, ಗೋಡೆಯೂ ಅಷ್ಟು ತೆಳುವಾಗಿರುತ್ತದೆ.

ಬೋರ್‌ವೆಲ್ ನೀರಿನದು ಇನ್ನೊಂದು ತೊಂದರೆ. ನಮ್ಮ ಮೂರೂ ಜಿಲ್ಲೆಗಳ ನೀರು ಗಡಸು. ಹಕ್ಕಳೆಯ ಸಂದಿಗೆ ಹೋದ ನೀರು ಒಣಗಿದಾಗ ಸುಣ್ಣ ಅಲ್ಲೇ ಹರಳಾಗಿ ಪದರವನ್ನು ಎತ್ತುತ್ತದೆ. ಅದನ್ನು ತೆಗೆಯಲು ನಿಂಬೆರಸ, ವಿನೆಗರ್ ಎಂದು ಹೊರಟರೆ ಆಮ್ಲ ಗಾಜಿನಲ್ಲಿ ಉಳಿದ ಕ್ಷಾರವನ್ನೂ ತೆಗೆಯುತ್ತದೆ.

ಶೀಸೆಗೆ ಮಾಡಬೇಕಾದದ್ದು ಇಷ್ಟೇ: ಗಾಳಿ ಊದುವ ರಬ್ಬರ್ ಬಲ್ಬಿನಿಂದ ದೂರದಿಂದ ಸಡಿಲ ಧೂಳು ತೆಗೆಯಿರಿ. ಉದುರಿದ ಹಕ್ಕಳೆಗಳನ್ನು ಸಣ್ಣ ಗಾಜಿನ ಬಾಟಲಿಯಲ್ಲಿ ಹಾಕಿ ಕ್ರಮಸಂಖ್ಯೆ ಬರೆದಿಡಿ, ಪರೀಕ್ಷೆಗೆ ಅವೇ ಮಾದರಿ. ಹತ್ತಿಯಲ್ಲಿ ಸುತ್ತಬೇಡಿ, ನಾರು ಹಕ್ಕಳೆಗೆ ಸಿಕ್ಕಿಕೊಂಡು ಕೀಳುತ್ತದೆ. ಪತ್ರಿಕೆ ಕಾಗದವೂ ಬೇಡ. ಆಮ್ಲರಹಿತ ಟಿಶ್ಯೂ ಕಾಗದ, ಅದರ ಕೆಳಗೆ ಪಾಲಿಥೀನ್ ಫೋಮನ್ನು ಶೀಸೆಯ ಆಕಾರಕ್ಕೆ ಕತ್ತರಿಸಿ ಗೂಡು. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಬಟ್ಟೆಯದು ಜಾರುತ್ತದೆ.

ದೀಪದಂಥ ಗಟ್ಟಿ ಮೇಲ್ಮೈ ಇರುವ ಗಾಜಿಗೆ ಡಿಸ್ಟಿಲ್ಡ್ ನೀರು ಮತ್ತು ಎಥನಾಲ್ ಸಮಸಮ ಬೆರೆಸಿ, ಕಡ್ಡಿಗೆ ಸುತ್ತಿದ ಹತ್ತಿಯನ್ನು ಹಿಂಡಿ, ಒರೆಸದೆ ಉರುಳಿಸುತ್ತಾ ಹೋಗಬಹುದು. ಎನಾಮೆಲ್, ಚಿನ್ನ ಇರುವ ಜಾಗ ಬಿಡಿ. ಎನಾಮೆಲಿನ ಅಂಚು ಎದ್ದಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡದೆ ಅದರ ಹತ್ತಿರ ಹೋಗಲೇಬಾರದು.

ಹಳೆಯ ಗೋಂದು: ಜೋಡಣೆಯ ಹೊರ ಅಂಚಿನಲ್ಲಿ ಹೆಚ್ಚಾಗಿ ಹರಿದು ನಿಂತಿರುವ ಗೋಂದಿನ ಮೇಲೆ ಮಾತ್ರ ಅಸಿಟೋನ್ ತಾಗಿಸಿದ ಕಡ್ಡಿ ಇಡಿ. ಒಂದೆರಡು ನಿಮಿಷದಲ್ಲಿ ಮೆತ್ತಗಾದರೆ ಸೆಲ್ಯುಲೋಸ್ ನೈಟ್ರೇಟ್ ಅಥವಾ ಅಕ್ರಿಲಿಕ್ ಜಾತಿಯದು. ಏನೂ ಆಗದಿದ್ದರೆ ಎಪಾಕ್ಸಿ ಇರಬಹುದು, ಪ್ರಾಣಿಜನ್ಯ ಸರೇಸೂ ಇರಬಹುದು. ಸರೇಸು ಬಿಡಿಸಲು ನೀರು ಬೇಕು, ಈ ಶೀಸೆಗೆ ನೀರು ಕೂಡದು, ಆದ್ದರಿಂದ ಅಲ್ಲಿಗೆ ನಿಲ್ಲಿಸಿ. ಜೋಡಣೆ ಗಟ್ಟಿಯಾಗಿದ್ದರೆ ಹಳದಿಯಾದರೂ ಇರಲಿ. ಬಿಡಿಸುವಾಗ ಅಂಚಿನ ಪದರ ಗೋಂದಿನ ಜೊತೆ ಕಿತ್ತು ಬರುತ್ತದೆ. ಮೈಸೂರಿನಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ, ಹಕ್ಕಳೆ ಕೂರಿಸುವ ಕೆಲಸವನ್ನು ಅಂಥವರಿಗೇ ಬಿಡಿ.

ಚೂರುಗಳಲ್ಲಿ ಗಟ್ಟಿಯಾದವನ್ನು ಜೋಡಿಸಬೇಕಿದ್ದರೆ ಪ್ಯಾರಲಾಯ್ಡ್ ಬಿ-72 ಎಂಬ, ಅಸಿಟೋನ್ ಹಾಕಿ ಮತ್ತೆ ಬಿಡಿಸಬಹುದಾದ ಅಕ್ರಿಲಿಕ್ ಅಂಟು. 50 ಗ್ರಾಂ ಹರಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, 50 ಗ್ರಾಂ ಅಸಿಟೋನ್ ಇರುವ ಗಾಜಿನ ಜಾಡಿಯಲ್ಲಿ ಮುಳುಗುವಂತೆ ತೂಗುಬಿಡಿ, ಮುಚ್ಚಳ ಬಿಗಿ ಮಾಡಿ ಒಂದು ದಿನ ಬಿಡಿ. ತಳಕ್ಕೆ ಸುರಿದರೆ ಹರಳು ಒಂದೇ ಗಟ್ಟಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಹತ್ತಿರ ಬೆಂಕಿ ಬೇಡ. ಅಂಚಿಗೆ ಮೊದಲು ಶೇಕಡ 5ರ ತೆಳು ದ್ರಾವಣ ಸವರಿ ಒಣಗಿಸಿ, ಆಮೇಲೆ ಗಟ್ಟಿ ದ್ರಾವಣ. ಫೆವಿಕ್ವಿಕ್, ಅಂಗಡಿಯ ಅರಾಲ್ಡೈಟ್ ಎರಡೂ ಬೇಡ. ಮೊದಲನೆಯದು ಗಾಜಿನ ಮೇಲೆ ಕಾಲಕ್ರಮೇಣ ಬಿಡುತ್ತದೆ, ಎರಡನೆಯದು ಹಳದಿಯಾಗುತ್ತದೆ, ಬಿಡಿಸಲೂ ಆಗುವುದಿಲ್ಲ.

ಆದರೆ ಬಿ-72ಕ್ಕೆ ನಿಮ್ಮ ಕೋಣೆ ಆಗುವುದಿಲ್ಲ. ಅದು 40 ಡಿಗ್ರಿ ಸೆಲ್ಸಿಯಸ್ ಸುತ್ತ ಮೆತ್ತಗಾಗಲು ಶುರುವಾಗುತ್ತದೆ. ಏಪ್ರಿಲ್‌ನಲ್ಲಿ ಶೀಟ್ ಛಾವಣಿಯ ಕೆಳಗೆ, ಮುಚ್ಚಿದ ಷೋಕೇಸಿನಲ್ಲಿ ಆ ಶಾಖ ಸುಲಭವಾಗಿ ಬರುತ್ತದೆ. ಜೋಡಿಸಿದ ಕುತ್ತಿಗೆ ತನ್ನ ಭಾರಕ್ಕೇ ನಿಧಾನವಾಗಿ ವಾಲುತ್ತದೆ. 60 ಡಿಗ್ರಿ ತಡೆಯುವ ಬಿ-44 ಬೆರೆಸುವ ಪದ್ಧತಿ ಬಿಸಿ ಪ್ರದೇಶದ ಉತ್ಖನನಗಳಲ್ಲಿ ಇದೆ, ಆದರೆ ಅದು ಹೆಚ್ಚು ಪೆಡಸು. ಅಂಟು ಬದಲಿಸುವ ಬದಲು ಕೋಣೆ ಬದಲಿಸಿ: ನೆಲಮಹಡಿ, ಉತ್ತರದ ಕಡೆ, ಆರ್‌ಸಿಸಿ ಛಾವಣಿ. ಅದು ಎಲ್ಲಕ್ಕಿಂತ ಅಗ್ಗದ ಸಂರಕ್ಷಣೆ.

ಮರಳೂರು ದಿಣ್ಣೆ (ತುಮಕೂರು):

ಇಬ್ಬರಿಗೂ ಧನ್ಯವಾದ. ಫೋಟೋ ಹಾಕಿದ್ದೇನೆ. ಪಾದದ ಅಡಿಯಲ್ಲಿ ಒರಟು ಗಾಯ ಇಲ್ಲ, ಸುಮಾರು 3 ಸೆಂ.ಮೀ. ಅಗಲದ ನುಣುಪಾದ ತಗ್ಗು ಇದೆ. ಮೈ ಗಾಜು ಬಹಳ ತಿಳಿ, ಹುಡುಕಿದರೆ ಒಂದೆರಡು ಗುಳ್ಳೆ. ಚಿನ್ನ ಕಿವಿಗಳ ಮೇಲೂ ಪೂರ್ತಿ ಇದೆ. ಸಹಿ ಸಿಗಲಿಲ್ಲ. ಹಸಿರು ಎನಾಮೆಲ್ ಎಲೆಗಳೂ ಇವೆ, ಮೊದಲು ಬರೆದಿರಲಿಲ್ಲ. ಬೆಂಗಳೂರಿನಿಂದ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವನ್ನು (ಎಕ್ಸ್-ಕಿರಣ ಬಿಟ್ಟು ವಸ್ತುವಿನಲ್ಲಿರುವ ಧಾತುಗಳನ್ನು ತೋರಿಸುವಂಥದು) ಒಂದು ದಿನಕ್ಕೆ ತರಿಸುವ ಅವಕಾಶ ಇದೆ. ಉಪಯೋಗವಾಗುತ್ತದೆಯೇ? ನೆಲಮಹಡಿಯ ಕೋಣೆ ಕೊಡಲು ಕಾಲೇಜು ಒಪ್ಪಿದೆ.

ಚೌಳು ಮಣ್ಣು (ಶಿರಾ):

ಎಕ್ಸ್‌ಆರ್‌ಎಫ್ ಬಗ್ಗೆ. ತರಿಸಿ, ಆದರೆ ಅದರಿಂದ ಏನು ಕೇಳಬಹುದು ಎಂಬುದು ಮೊದಲೇ ಗೊತ್ತಿರಲಿ. ಗಾಜಿನ ಜಾತಿ ಹೇಳುವ ಮುಖ್ಯ ಧಾತು ಸೋಡಿಯಂ, ಅದು ಈ ಯಂತ್ರಕ್ಕೆ ಕಾಣುವುದಿಲ್ಲ. ಮೆಗ್ನೀಸಿಯಂ ಮಸುಕಾಗಿ ಕಾಣುತ್ತದೆ. ಹಗುರ ಧಾತುಗಳ ವಿಷಯದಲ್ಲಿ ಯಂತ್ರ ನೋಡುವುದು ಕೂದಲೆಳೆಗಿಂತ ತೆಳುವಾದ ಮೇಲ್ಪದರವನ್ನು ಮಾತ್ರ. ನಿಮ್ಮ ಶೀಸೆಯಲ್ಲಿ ಆ ಪದರ ಮಣ್ಣು ತಿಂದದ್ದು, ಕ್ಷಾರವೆಲ್ಲ ಹೋಗಿ ಸಿಲಿಕಾ ಉಳಿದದ್ದು. ಅಲ್ಲಿ ಬರುವ ಅಂಕಿ ಶೀಸೆ ಮಾಡಿದ ಗಾಜಿನದಲ್ಲ. ಹಾಗಾಗಿ ಶೀಸೆಯನ್ನು ಯಂತ್ರಕ್ಕೆ ಕೊಡಬೇಡಿ.

ದೀಪಕ್ಕೆ ಮಾತ್ರ ಅದು ಒಳ್ಳೆಯ ಸಾಕ್ಷಿ, ಏಕೆಂದರೆ ಎನಾಮೆಲಿನ ಬಣ್ಣಗಳು ಭಾರ ಧಾತುಗಳವು. ಮಾಮ್ಲೂಕ್ ಎನಾಮೆಲಿನಲ್ಲಿ ಹಳದಿ ಎಂದರೆ ಸೀಸ-ತವರ, ಬಿಳಿ ಎಂದರೆ ತವರ, ಹಸಿರು ಎಂದರೆ ತಾಮ್ರ ಮತ್ತು ಸೀಸ-ತವರದ ಹಳದಿಯ ಕೂಟ. ನೀಲಿಯಲ್ಲಿ ಕೋಬಾಲ್ಟ್ ಸಿಗಬಹುದು, ಆದರೆ ಎಷ್ಟೋ ದೀಪಗಳ ನೀಲಿ ಅರೆದ ಲಾಜವರ್ದ ಕಲ್ಲಿನದು, ಆಗ ಕೋಬಾಲ್ಟ್ ಬರುವುದೇ ಇಲ್ಲ. ನಿಮ್ಮ ಹಸಿರಿನಲ್ಲಿ ಕ್ರೋಮಿಯಂ ಬಂದರೆ ತೀರ್ಮಾನ ಮುಗಿಯಿತು: ಆ ಧಾತುವನ್ನು ಕಂಡುಹಿಡಿದದ್ದೇ 1797ರಲ್ಲಿ, ಬಣ್ಣವಾಗಿ ಬಳಕೆಗೆ ಬಂದದ್ದು ಅದರ ನಂತರ. ಬಿಳಿಯಲ್ಲಿ ತವರ ಇಲ್ಲದೆ ಆರ್ಸೆನಿಕ್ ಬಂದರೂ ಅದೇ ದಾರಿ. ಮೈ ಗಾಜಿನಲ್ಲಿ ಸೀಸ ಶೇಕಡಾವಾರು ಲೆಕ್ಕದಲ್ಲಿ ಬಂದರೆ ಅದು ಯೂರೋಪಿನ ಸೀಸದ ಗಾಜು. ಪ್ರತಿ ಬಣ್ಣಕ್ಕೂ ಎರಡು ಜಾಗ, ಮೈ ಗಾಜಿಗೆ ಎರಡು ಜಾಗ ಓದಿಸಿ. ಎನಾಮೆಲ್ ಇರುವ ಗೋಡೆಯ ಒಳಬದಿಯಿಂದ ಓದಿಸಬೇಡಿ, ಎರಡೂ ಬೆರೆಯುತ್ತವೆ.

ಈಗ ಬಳೆಗಳು. ಈ ಡಬ್ಬಿಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವೇ. ಫುಸ್ತಾತ್ ಚೂರೂ ಶಿರಾ ಚೂರೂ ಬೆರೆತಿದ್ದರೆ ಗಾಜಿನ ಮೂಲದ್ರವ್ಯದಿಂದಲೇ ಬೇರ್ಪಡಿಸಬಹುದು. ರೋಮನ್ ಕಾಲದಿಂದ 8ನೇ ಶತಮಾನದವರೆಗೆ ಈಜಿಪ್ಟ್, ಸಿರಿಯಾ ಕಡೆ ನೇಟ್ರಾನ್ ಎಂಬ ಖನಿಜ ಸೋಡಾದಿಂದ ಗಾಜು ಮಾಡುತ್ತಿದ್ದರು. ಅದರಲ್ಲಿ ಮೆಗ್ನೀಸಿಯಂ ಆಕ್ಸೈಡ್, ಪೊಟ್ಯಾಸಿಯಂ ಆಕ್ಸೈಡ್ ಎರಡೂ ಶೇಕಡ 1.5ಕ್ಕಿಂತ ಕಡಿಮೆ. 9ನೇ ಶತಮಾನದಿಂದ ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿ ಬಂತು, ಎರಡೂ ಆ ಮಿತಿಯ ಮೇಲೆ ಹೋದವು. ನಮ್ಮ ಕಡೆಯದು ಬೇರೆಯೇ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಏಳುವ ಚೌಳು, ಮಡಿವಾಳರು ಬಟ್ಟೆಗೆ ಬಳಸುತ್ತಿದ್ದ ಅದೇ ಚೌಳು ಮತ್ತು ಮರಳು. ಹೀಗೆ ಮಾಡಿದ ಗಾಜಿನಲ್ಲಿ ಅಲ್ಯುಮಿನಾ ಶೇಕಡ 5ರಿಂದ 15ರವರೆಗೂ ಹೋಗುತ್ತದೆ, ಸುಣ್ಣ ಕಡಿಮೆ. ಈಜಿಪ್ಟಿನ ಗಾಜಿನಲ್ಲಿ ಅಲ್ಯುಮಿನಾ ಅಷ್ಟು ಬರುವುದಿಲ್ಲ. ಶಿರಾದಿಂದ ದೂರವೇನಲ್ಲದ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜಿನ ಕುಲುಮೆಗಳಿದ್ದವು, ಫ್ರಾನ್ಸಿಸ್ ಬುಕಾನನ್ 1800-01ರ ಪ್ರವಾಸದಲ್ಲಿ ಆ ಕೆಲಸವನ್ನು ದಾಖಲಿಸಿದ್ದಾನೆ. ಬಹಮನಿ ಕಾಲದ ಬಹುವರ್ಣದ ಬಳೆಗಳು ಕೊಲ್ಹಾಪುರದ ಬ್ರಹ್ಮಪುರಿಯಂಥ ಉತ್ಖನನಗಳಲ್ಲಿ ರಾಶಿಯಾಗಿ ಸಿಕ್ಕಿವೆ. ಶಿರಾ 17ನೇ ಶತಮಾನದಲ್ಲಿ ಬಿಜಾಪುರದವರ, ಆಮೇಲೆ ಮೊಘಲರ ಆಡಳಿತ ಕೇಂದ್ರ. ಅಲ್ಲಿನ ಬಳೆ ಚೂರು ನಮ್ಮ ಸೀಮೆಯ ಗಾಜಿನ ದಾಖಲೆ.

ಮಾಡುವುದು ಹೀಗೆ: ಒಡೆದ ಅಂಚಿನಿಂದ 2 ಮಿ.ಮೀ. ತುಣುಕು ಸಾಕು, ಅದನ್ನು ರಾಳದಲ್ಲಿ ಕೂರಿಸಿ ಉಜ್ಜಿ, ಒಳಗಿನ ಹೊಸ ಗಾಜನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಓದಿಸಬೇಕು. ಸೋಡಿಯಂ, ಮೆಗ್ನೀಸಿಯಂ, ಅಲ್ಯುಮಿನಾ ಮೂರೂ ಸಿಗುತ್ತವೆ. ಬೆಂಗಳೂರಿನಲ್ಲಿ ಈ ಸೌಲಭ್ಯ ಇರುವ ಪ್ರಯೋಗಾಲಯಗಳಿವೆ. ಅದಕ್ಕೂ ಮೊದಲು ಕಣ್ಣಿನ ಕೆಲಸ: ಬಳೆಯ ಒಳಬದಿ ನೋಡಿ. ಎಳೆದ ಕಡ್ಡಿಯನ್ನು ಬಾಗಿಸಿ ತುದಿ ಸೇರಿಸಿದ್ದರೆ ಬೆಸುಗೆಯ ಉಬ್ಬು ಇರುತ್ತದೆ. ಚೂರು ಸಣ್ಣದಿದ್ದರೆ ಬೆಸುಗೆ ಕಾಣದಿರುವುದು ಏನನ್ನೂ ಹೇಳುವುದಿಲ್ಲ. ಶಂಕುವಿನ ಮೇಲೆ ತಿರುಗಿಸಿ ಅಗಲಿಸಿದ ಬಳೆಯಲ್ಲಿ ಬೆಸುಗೆ ಇರುವುದಿಲ್ಲ, ಒಳಬದಿ ಮಂಕಾಗಿ, ಸ್ವಲ್ಪ ಓರೆಯಾಗಿ ಇರುತ್ತದೆ.

ಅಂತರಗಂಗೆ (ಕೋಲಾರ):

ಫೋಟೋ ನೋಡಿದೆ. ಉಜ್ಜಿದ ಪಾದ, ತಿಳಿ ಗಾಜು, ಒಂದೇ ಹದದ ಚಿನ್ನ, ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ದೀಪ 19ನೇ ಶತಮಾನದ ಕೊನೆಯ ಭಾಗದ, ಅಥವಾ ಅದರ ನಂತರದ ಪುನರುಜ್ಜೀವನ ಕೆಲಸ. ಹಸಿರಿನಲ್ಲಿ ಕ್ರೋಮಿಯಂ ಬಂದರೆ ಪೂರ್ತಿ ಖಚಿತ.

ಅದನ್ನು ನಕಲಿ ಎಂದು ಮಾತ್ರ ಬರೆಯಬೇಡಿ. ಬ್ರೊಕಾರನ ಪೀಳಿಗೆಯವರು ಯಾರಿಗೂ ಮೋಸ ಮಾಡಲು ಇದನ್ನು ಮಾಡಲಿಲ್ಲ. ತಿಮೂರ್ 1400-01ರಲ್ಲಿ ದಮಾಸ್ಕಸ್ ಮೇಲೆ ಬಿದ್ದು ಕುಶಲಕರ್ಮಿಗಳನ್ನು ಸಮರ್ಕಂದಕ್ಕೆ ಒಯ್ದ. 15ನೇ ಶತಮಾನದಲ್ಲಿ ಈ ಎನಾಮೆಲ್ ಕೆಲಸ ಆ ನಾಡುಗಳಲ್ಲಿ ಕ್ಷೀಣಿಸಿತು. ಬರೆದಿಟ್ಟ ಪಾಠ ಇಲ್ಲದೆ, ಹಳೆಯ ದೀಪಗಳನ್ನೇ ನೋಡಿ ನೋಡಿ ಆ ಎನಾಮೆಲಿನ ಹದವನ್ನು ಮತ್ತೆ ಹಿಡಿದದ್ದು ದೊಡ್ಡ ಕೆಲಸ.

ಶೀಸೆಯೇ ನಿಮ್ಮ ಸಂಗ್ರಹದ ಮಧ್ಯಯುಗದ ವಸ್ತು ಎಂದು ನನ್ನ ಅಭಿಪ್ರಾಯ. ಮ್ಯಾಂಗನೀಸ್ ಹೆಚ್ಚು ಹಾಕಿದ ನೇರಳೆ ಗಾಜಿನ ಮುದ್ದೆಗೆ ಬಿಸಿ ಬಿಳಿ ಎಳೆ ಸುತ್ತಿ, ಕಲ್ಲಿನ ಮೇಲೆ ಉರುಳಿಸಿ ಎಳೆಯನ್ನು ಮೈಗೆ ಸಮ ಮಾಡಿ, ಕೊಕ್ಕೆಯಿಂದ ಮೇಲಕ್ಕೂ ಕೆಳಕ್ಕೂ ಬಾಚಿ, ಆಮೇಲೆ ಊದುತ್ತಿದ್ದರು. ಗರಿಯ ಆಕಾರ ಬರುವುದು ಹಾಗೆ. ಸಿರಿಯಾ, ಈಜಿಪ್ಟ್‌ಗಳಲ್ಲಿ ಈ ಕೆಲಸ 12ರಿಂದ 14ನೇ ಶತಮಾನದಲ್ಲಿ ಹೆಚ್ಚು. ಪನ್ನೀರುದಾನಿಯ ಹಾಗೆ ಕುತ್ತಿಗೆ ತೀರಾ ಕಿರಿದಾಗಿದ್ದು, ಹೊಟ್ಟೆ ಎರಡು ಬದಿ ಚಪ್ಪಟೆಯಾಗಿದ್ದರೆ ಅದು ಕುಮ್‌ಕುಮ್ ಎಂಬ ಸಿಂಪಡಿಸುವ ಶೀಸೆ. ಕುತ್ತಿಗೆಯ ಒಳ ಅಳತೆ ಕೊಡಿ. ಹೋಲಿಕೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಕಾರ್ನಿಂಗ್ ಗಾಜಿನ ವಸ್ತುಸಂಗ್ರಹಾಲಯ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಗಳು ಅಂತರ್ಜಾಲದಲ್ಲಿ ಅಳತೆ ಸಹಿತ ಸಿಗುತ್ತವೆ.

ಚೂರುಗಳ ವಿಂಗಡಣೆ: ಬಾಯಿಯಂಚು, ತಳ, ಅಲಂಕಾರ ಇರುವವು, ಸಾದಾ ಮೈ ಎಂದು ನಾಲ್ಕು ತಟ್ಟೆ. ಆಮೇಲೆ ಬಣ್ಣ, ದಪ್ಪ. ಪೊಟ್ಟಣದ ಕಾಗದ ಬಿಸಾಡಬೇಡಿ, ಪೆನ್ಸಿಲ್ ಬರಹವೇ ಈಗ ಇರುವ ಒಂದೇ ಸ್ಥಳ ದಾಖಲೆ. ಮಂಕು ಕಂದು ಅಥವಾ ಹಳದಿ ಚಿತ್ತಾರ ಇರುವ ಚೂರು ಸಿಕ್ಕರೆ ಬೇರೆ ಇಡಿ. ಉಗುರಿಗೆ ಉಬ್ಬು ತಾಗದೆ, ಬೆಳಕಿಗೆ ಹಿಡಿದಾಗ ಬಣ್ಣ ಗಾಜಿನೊಳಗೇ ಇದ್ದರೆ ಅದು ಲಸ್ಟರ್, ಎಂದರೆ ಬೆಳ್ಳಿ-ತಾಮ್ರವನ್ನು ಶಾಖ ಕೊಟ್ಟು ಗಾಜಿಗೆ ಹಿಡಿಸಿದ ಬಣ್ಣ. ಫುಸ್ತಾತಿನಲ್ಲೇ 1965ರಲ್ಲಿ ಸಿಕ್ಕ ಲಸ್ಟರ್ ಬಟ್ಟಲಿನ ಮೇಲೆ 773ರಲ್ಲಿ ಈಜಿಪ್ಟಿನ ರಾಜ್ಯಪಾಲನಾಗಿದ್ದ ಅಬ್ದ್ ಅಲ್-ಸಮದ್ ಇಬ್ನ್ ಅಲಿಯ ಹೆಸರಿದೆ. ಆ ತಂತ್ರದ ಕಾಲ ನಿಂತಿರುವುದೇ ಅದರ ಮೇಲೆ. ಹಸಿರು ಬಿಲ್ಲೆಗಳು ಬಹುಶಃ ನಾಣ್ಯದ ತೂಕದ ಬಟ್ಟುಗಳು. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಅಂಚು ಒಡೆಯದ ಬಿಲ್ಲೆ 4.2 ಗ್ರಾಂ ಸುತ್ತ ಬಂದರೆ ದೀನಾರಿನದು, 2.9 ಸುತ್ತ ಬಂದರೆ ದಿರ್ಹಮಿನದು.

ಫುಸ್ತಾತ್ ಎಂದು ಬರೆದಿದೆ ಎಂದು ಅಲ್ಲೇ ತಯಾರಾದದ್ದು ಎಂದು ಬರೆಯಬೇಡಿ. ಟರ್ಕಿಯ ಸೆರ್ಚೆ ಲಿಮಾನಿ ಕೊಲ್ಲಿಯಲ್ಲಿ 1025ರ ಸುಮಾರಿಗೆ ಮುಳುಗಿದ ಹಡಗಿನಲ್ಲಿ ಮತ್ತೆ ಕರಗಿಸಲು ಒಯ್ಯುತ್ತಿದ್ದ ಸುಮಾರು 3 ಟನ್ ಗಾಜು ಇತ್ತು, ಕಚ್ಚಾ ಗಟ್ಟಿ ಮತ್ತು ಒಡೆದ ಪಾತ್ರೆ ಎರಡೂ. ಒಡೆದ ಗಾಜೂ ಊರಿಂದೂರಿಗೆ ಸಾಗುತ್ತಿದ್ದ ಕಾಲ ಅದು.

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಕೋಣೆ ಸಿಕ್ಕಿದ್ದು ಒಳ್ಳೆಯದಾಯಿತು. ಈಗ ಷೋಕೇಸ್. ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಅದು ಫಾರ್ಮಿಕ್ ಆಮ್ಲವಾಗಿ ಗಾಜಿನ ಸೋಡಿಯಂ ಜೊತೆ ಸೇರಿ ಬಿಳಿ ಹರಳು ಕಟ್ಟುತ್ತದೆ. ಪೌಡರ್ ಕೋಟ್ ಮಾಡಿದ ಉಕ್ಕು ಮತ್ತು ಗಾಜಿನ ಷೋಕೇಸ್ ಮಾಡಿಸಿ, ಕೆಲವು ವಾರ ಬಾಗಿಲು ತೆರೆದಿಟ್ಟು ವಾಸನೆ ಹೋದ ಮೇಲೆ ಬಳಸಿ. ಸಂದಿ ಮುಚ್ಚುವ ಸಿಲಿಕೋನ್ ನ್ಯೂಟ್ರಲ್ ಕ್ಯೂರ್ ಇರಲಿ. ಹುಳಿ ವಾಸನೆ ಬರುವುದು ಅಸಿಟಿಕ್ ಆಮ್ಲ ಬಿಡುತ್ತದೆ, ಫ್ಯಾಬ್ರಿಕೇಷನ್‌ನವರು ಕೇಳದಿದ್ದರೆ ಅದನ್ನೇ ಹಾಕುತ್ತಾರೆ. ಬೆಳಕಿನ ಬಲ್ಬುಗಳು ಷೋಕೇಸಿನ ಹೊರಗಿರಲಿ, ಎಲ್‌ಇಡಿ ಮಾತ್ರ.

ತೇವಾಂಶ ಶೇಕಡ 40ರಿಂದ 45ರ ನಡುವೆ ನಿಲ್ಲಬೇಕು. ನಮ್ಮಲ್ಲಿ ಮಾರ್ಚ್ ಮಧ್ಯಾಹ್ನ 30ಕ್ಕಿಂತ ಕೆಳಗಿಳಿಯುತ್ತದೆ, ಶ್ರಾವಣದ ಮಳೆಯಲ್ಲಿ 80 ದಾಟುತ್ತದೆ. ಹೆಚ್ಚಾದರೆ ಕ್ಷಾರ ಹೊರಬರುತ್ತದೆ, ತೀರಾ ಒಣಗಿದರೆ ಪದರಗಳಲ್ಲಿರುವ ನೀರು ಹೋಗಿ ಬಿರುಕು ಹೆಚ್ಚುತ್ತದೆ. ಅದಕ್ಕೇ ಅಂಗಡಿಯಿಂದ ತಂದ ಒಣ ಸಿಲಿಕಾ ಜೆಲ್ ಅನ್ನು ನೇರವಾಗಿ ಇಡಬಾರದು, ಅದು 40ಕ್ಕೆ ನಿಲ್ಲದೆ ಇನ್ನೂ ಕೆಳಗೆ ಎಳೆಯುತ್ತದೆ. ಹದ ಮಾಡುವುದು ಸುಲಭ: ಪೊಟ್ಯಾಸಿಯಂ ಕಾರ್ಬನೇಟನ್ನು ಡಿಸ್ಟಿಲ್ಡ್ ನೀರಿನಲ್ಲಿ, ತಳದಲ್ಲಿ ಕರಗದ ಪುಡಿ ಉಳಿಯುವಷ್ಟು ಬೆರೆಸಿ. ಆ ದ್ರಾವಣದ ಮೇಲಿನ ಗಾಳಿ 43ರ ಸುತ್ತ ನಿಲ್ಲುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ದ್ರಾವಣದ ಬಟ್ಟಲು ಕೆಳಗೆ, ಜಾಲರಿಯ ಮೇಲೆ ತೆಳ್ಳಗೆ ಹರಡಿದ ಜೆಲ್. ಎರಡು ಮೂರು ದಿನಕ್ಕೊಮ್ಮೆ ತೂಗಿ, ತೂಕ ನಿಂತಾಗ ಹದವಾಯಿತು. ದ್ರಾವಣವನ್ನು ಷೋಕೇಸಿನ ಒಳಗೆ ಎಂದೂ ಇಡಬೇಡಿ. ಒಂದು ಘನ ಮೀಟರಿಗೆ 20 ಕೆ.ಜಿ. ಲೆಕ್ಕ, ಅಂದರೆ 60 × 40 × 40 ಸೆಂ.ಮೀ. ಷೋಕೇಸಿಗೆ ಸುಮಾರು 2 ಕೆ.ಜಿ. ಒಳಗೊಂದು ಡಿಜಿಟಲ್ ಹೈಗ್ರೋಮೀಟರ್ ಇಟ್ಟು ವಾರಕ್ಕೊಮ್ಮೆ ಬರೆದುಕೊಳ್ಳಿ. ಶೀಸೆಯ ಭಾರ ಕುತ್ತಿಗೆಯ ಜೋಡಣೆಗೆ ಬೀಳದಂತೆ ಅಕ್ರಿಲಿಕ್ ಆಸರೆ ಮಾಡಿಸಿ.

ಕ್ರಮಸಂಖ್ಯೆಯನ್ನು ದೀಪದ ಪಾದದಡಿ ಬರೆಯಬಹುದು: ಬಿ-72ರ ತೆಳು ಪಟ್ಟೆ, ಒಣಗಿದ ಮೇಲೆ ಕಪ್ಪು ಶಾಯಿ, ಮೇಲೊಂದು ಪಟ್ಟೆ. ಶೀಸೆಗೆ ಮೈಮೇಲೆ ಬರೆಯಬೇಡಿ, ಗೂಡಿಗೆ ಚೀಟಿ ಕಟ್ಟಿ.

ಕಾಗದಪತ್ರವೂ ಅಷ್ಟೇ ಮುಖ್ಯ. 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತು ಪ್ರಾಚೀನ ವಸ್ತು. ಈಜಿಪ್ಟ್ ತನ್ನ ಪ್ರಾಚೀನ ವಸ್ತುಗಳ ವ್ಯಾಪಾರವನ್ನು ಪೂರ್ತಿ ನಿಲ್ಲಿಸಿದ್ದು 1983ರ 117ನೇ ಕಾಯಿದೆಯಿಂದ. ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದು, ಭಾರತ ಸೇರಿದ್ದು 1977ರಲ್ಲಿ. 1950ರ ದಶಕದಲ್ಲಿ ತಂದದ್ದು ಎಂಬುದಕ್ಕೆ ಮನೆಯವರ ಬಳಿ ಹಳೆಯ ಪತ್ರ, ಪಾಸ್‌ಪೋರ್ಟ್, ಫೋಟೋ, ರಸೀದಿ ಏನಿದ್ದರೂ ಪ್ರತಿ ಮಾಡಿಸಿ ಕಡತಕ್ಕೆ ಸೇರಿಸಿ. ಶಿರಾ ಬಳೆಗಳನ್ನು ಯಾರು, ಯಾವ ಜಾಗದಲ್ಲಿ, ಯಾವಾಗ ಆಯ್ದರು ಎಂಬುದನ್ನೂ ಬರೆಸಿ, ಪುರಾತತ್ವ ಇಲಾಖೆಗೆ ತಿಳಿಸಿ.

ಶೀಸೆಯ ಫಲಕಕ್ಕೆ ಒಂದು ಮಾದರಿ: "ಬಿಳಿ ಎಳೆ ಬಾಚಿದ ಶೀಸೆ. ಊದಿದ ನೇರಳೆ ಗಾಜು. ಸಿರಿಯಾ ಅಥವಾ ಈಜಿಪ್ಟ್, ಕ್ರಿ.ಶ. 12-14ನೇ ಶತಮಾನ, ತಂತ್ರ ಮತ್ತು ಆಕಾರದ ಆಧಾರದಲ್ಲಿ. ಎತ್ತರ 14 ಸೆಂ.ಮೀ. ಕುತ್ತಿಗೆ ಮುರಿದು ಜೋಡಿಸಿದ್ದು. ಹೊಳೆಯುವ ಬಣ್ಣಗಳು ಮಣ್ಣಿನಲ್ಲಿದ್ದಾಗ ಬಂದವು." ದೀಪದ ಫಲಕವನ್ನು ಎಕ್ಸ್‌ಆರ್‌ಎಫ್ ಅಂಕಿ ಬಂದ ಮೇಲೆ ಬರೆಯಿರಿ, ಅಲ್ಲಿಯವರೆಗೆ "ಮಾಮ್ಲೂಕ್ ಶೈಲಿಯ ದೀಪ" ಎಂದಷ್ಟೇ ಇರಲಿ.